‘ಅನುದಾನದ ಲಭ್ಯತೆಗೆ ಅನುಗುಣವಾಗಿ’

ವಿಧಾನಸಭೆಯಲ್ಲಿ ಸಚಿವರು ಒದಗಿಸುವ ಲಿಖಿತ ಉತ್ತರದ ಹಾಳೆಯನ್ನು ಒಮ್ಮೆಯಾದರೂ ನೋಡಿದವರಿಗೆ ಅದರ ರೂಪ ಗೊತ್ತಿರುತ್ತದೆ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅಂಚಿನಲ್ಲಿ ಅ, ಆ, ಇ, ಈ. ನನ್ನ ಮೇಜಿನ ಮೇಲೆ ಈಗ ಅಂಥದೊಂದು ಹಾಳೆಯಿದೆ. ನಮ್ಮ ಕ್ಷೇತ್ರದ ಸರ್ಕಾರಿ ಶಾಲೆಗಳ ಕೊಠಡಿಗಳು ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬ ‘ಅ’ ಭಾಗದ ಪ್ರಶ್ನೆಗೆ ‘ಬಂದಿದೆ’ ಎಂಬ ಒಂದೇ ಪದದ ಉತ್ತರ. ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು ಎಂಬ ‘ಆ’ ಭಾಗಕ್ಕೆ, ‘ಅನುದಾನದ ಲಭ್ಯತೆಗೆ ಅನುಗುಣವಾಗಿ, ಆದ್ಯತೆಯ ಮೇರೆಗೆ, ಹಂತಹಂತವಾಗಿ ಕ್ರಮ ವಹಿಸಲಾಗುವುದು’ ಎಂಬ ಉತ್ತರ. ವಿವರ ಕೇಳಿದ ‘ಇ’ ಭಾಗಕ್ಕೆ ‘ಅನುಬಂಧದಲ್ಲಿ ಒದಗಿಸಲಾಗಿದೆ’ ಎಂದಿದೆ. ಅನುಬಂಧವನ್ನು ತೆರೆದರೆ ಅಲ್ಲಿರುವುದು ಜಿಲ್ಲಾವಾರು ಒಟ್ಟು ಸಂಖ್ಯೆ ಮಾತ್ರ. ನಮ್ಮ ಶಾಲೆಯ ಹೆಸರು ಎಲ್ಲಿಯೂ ಇಲ್ಲ.

ಮಗಳು ಓದುತ್ತಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಎರಡು ವರ್ಷಗಳಿಂದ ಸದಸ್ಯೆ. ಬೆಂಗಳೂರಿನ ಮಧ್ಯಭಾಗದ, ಸುತ್ತಲೂ ನಾಲ್ಕು ಅಂತಸ್ತಿನ ಕಟ್ಟಡಗಳೆದ್ದಿರುವ ಬಡಾವಣೆಯೊಂದರಲ್ಲಿ ಆ ಶಾಲೆಯಿದೆ. ಮೂರನೆಯ ತರಗತಿ ನಡೆಯುವ ಕೊಠಡಿಯಲ್ಲಿ ಕಿಟಕಿಯ ಕಡೆಯ ಛಾವಣಿ ಗಾರೆ ಕಳಚಿ, ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಹೊರಗೆ ಕಾಣುತ್ತವೆ. ತರಗತಿಯ ಶಿಕ್ಷಕಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಬಂದು, ಆ ಭಾಗದ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಆಚೆ ಯಾರೂ ಕೂರುವಂತಿಲ್ಲ. ಸಂಜೆ ಕಸ ಗುಡಿಸುವಾಗ ಅದು ಅಳಿಸಿಹೋಗುತ್ತದೆ, ಮರುದಿನ ಮತ್ತೆ ಎಳೆಯಬೇಕು. ಮಕ್ಕಳು ಅದಕ್ಕೆ ಎಷ್ಟು ಹೊಂದಿಕೊಂಡಿದ್ದಾರೆಂದರೆ, ಪೆನ್ಸಿಲ್ ಉರುಳಿ ಆಚೆ ಹೋದರೆ ಕೈ ಎತ್ತಿ ಟೀಚರ್ ಅನುಮತಿ ಕೇಳುತ್ತಾರೆ. ಮಳೆಗಾಲದಲ್ಲಿ ಗೆರೆ ಇನ್ನೂ ಎರಡು ಅಡಿ ಈಚೆಗೆ ಬರುತ್ತದೆ, ಮೂವತ್ತು ಮಕ್ಕಳು ಕೊಠಡಿಯ ಅರ್ಧಕ್ಕೆ ಒತ್ತಿಕೊಂಡು ಕೂರುತ್ತಾರೆ.

ಈ ಗೆರೆಯ ವಿಷಯವನ್ನೇ ನಾವು ನಮ್ಮ ಶಾಸಕರಿಗೆ ಬರೆದುಕೊಟ್ಟದ್ದು. ಅವರು ಅದನ್ನು ಚುಕ್ಕೆ ರಹಿತ ಪ್ರಶ್ನೆಯಾಗಿ ಕೊಟ್ಟರು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶವಿದೆ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ವ್ಯತ್ಯಾಸ ನನಗೆ ಆಗ ತಿಳಿದಿರಲಿಲ್ಲ.

ಪ್ರಶ್ನೆಯೊಂದು ಸಚಿವಾಲಯದಿಂದ ಹೊರಟು ಶಾಲೆಯನ್ನು ಮುಟ್ಟಿ ವಾಪಸಾಗುವ ದಾರಿಯನ್ನು ನಾನು ಕಣ್ಣಾರೆ ಕಂಡದ್ದು ಆ ಬಳಿಕ. ಒಂದು ಮಧ್ಯಾಹ್ನ ಮುಖ್ಯ ಶಿಕ್ಷಕಿಯ ಮೊಬೈಲಿಗೆ ವಾಟ್ಸಾಪ್ ಸಂದೇಶ ಬಂತು: ‘ಎಲ್‌ಎ ಪ್ರಶ್ನೆ, ತುರ್ತು, ಇಂದೇ ಸಂಜೆಯೊಳಗೆ ಮಾಹಿತಿ ಸಲ್ಲಿಸುವುದು.’ ವಿಧಾನಸಭೆಯ ಪ್ರಶ್ನೆಯನ್ನು ಇಲಾಖೆಗಳಲ್ಲಿ ಕರೆಯುವುದು ಹಾಗೆಯೇ. ಪರಿಷತ್ತಿನದಾದರೆ ‘ಎಲ್‌ಸಿ ಪ್ರಶ್ನೆ’. ಅವರು ಬಿಸಿಯೂಟದ ಲೆಕ್ಕದ ಪುಸ್ತಕವನ್ನು ಬದಿಗಿಟ್ಟು, ಕೊಠಡಿಗಳನ್ನೆಲ್ಲ ಮತ್ತೊಮ್ಮೆ ನೋಡಿಬಂದು, ನಮೂನೆ ತುಂಬಲು ಕುಳಿತರು. ನಮೂನೆಯಲ್ಲಿದ್ದದ್ದು ಮೂರೇ ಕಲಂ: ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ. ಮೂರನೆಯ ಕಲಮಿನಲ್ಲಿ ಅವರು ‘2’ ಎಂದು ಬರೆದರು. ಸೀಮೆಸುಣ್ಣದ ಗೆರೆಯನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಆ ‘2’ ಎಂಬ ಅಂಕಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮಟ್ಟದಲ್ಲಿ ಬೇರೆ ಶಾಲೆಗಳ ಸಂಖ್ಯೆಯೊಡನೆ ಕೂಡಿತು, ಉಪನಿರ್ದೇಶಕರ ಮಟ್ಟದಲ್ಲಿ ಇನ್ನಷ್ಟು ಕೂಡಿತು, ಕೊನೆಗೆ ಅನುಬಂಧದ ಒಂದು ಸಾಲಾಯಿತು. ಈ ದಾರಿಯಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಹಾಗಿದ್ದೂ ಪ್ರಶ್ನೆ ಕೇಳಿದ ಶಾಲೆಗೆ ಉತ್ತರ ಸಿಗಲಿಲ್ಲ, ಏಕೆಂದರೆ ಪ್ರಶ್ನೆಯೇ ‘ನಮ್ಮ ಕ್ಷೇತ್ರದ ಶಾಲೆಗಳು’ ಎಂದು ಸಾರಾಸಗಟಾಗಿ ಕೇಳಿತ್ತು.

ಇದಾದ ಮೇಲೆ ಒಂದು ದಿನ ಪಾಸು ಪಡೆದು ವಿಧಾನಸಭೆಯ ಸಾರ್ವಜನಿಕರ ಗ್ಯಾಲರಿಯಲ್ಲಿ ಕುಳಿತು ಪ್ರಶ್ನೋತ್ತರವನ್ನು ಪೂರ್ತಿಯಾಗಿ ಕೇಳಿದೆ. ಸದಸ್ಯರು ತಮ್ಮ ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ, ಸಚಿವರು ‘ಉತ್ತರವನ್ನು ಒದಗಿಸಲಾಗಿದೆ, ಮಾನ್ಯ ಸಭಾಧ್ಯಕ್ಷರೇ’ ಎಂದು ಕುಳಿತುಕೊಳ್ಳುತ್ತಾರೆ, ನಿಜವಾದ ಪ್ರಶ್ನೋತ್ತರ ಆರಂಭವಾಗುವುದು ಉಪಪ್ರಶ್ನೆಯಿಂದ. ಅಂದು ಸದಸ್ಯರೊಬ್ಬರು ಭಾಷಣ ಮಾಡದೆ, ಹಿಂದಿನ ವರ್ಷದ ಗತಿಯನ್ನು ಹೇಳದೆ, ‘ನಿಗದಿಯಾದ ಮೊತ್ತವನ್ನು ತಿಳಿಸಿದ್ದೀರಿ, ಅದರಲ್ಲಿ ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು?’ ಎಂದಷ್ಟೇ ಕೇಳಿದರು. ಸಚಿವರು ಕೈಯಲ್ಲಿದ್ದ ಕಡತ ತಿರುವಿ, ಅಧಿಕಾರಿಗಳ ಗ್ಯಾಲರಿಯ ಕಡೆ ನೋಡಿದರು. ಅಲ್ಲಿಂದ ಒಂದು ಚೀಟಿ ಬಂತು. ಚೀಟಿಯಲ್ಲಿದ್ದ ಅಂಕಿಯನ್ನು ಅವರು ಓದಿದರು; ಅದು ನಿಗದಿಯಾದ ಮೊತ್ತಕ್ಕಿಂತ ಸಾಕಷ್ಟು ಕಡಿಮೆಯಿತ್ತು. ಕಾರಣವನ್ನೂ ನೇರವಾಗಿ ಹೇಳಿದರು, ಯಾವ ತಿಂಗಳೊಳಗೆ ಉಳಿದ ಹಣ ಬಿಡುಗಡೆಯಾಗುತ್ತದೆಂದೂ ತಿಳಿಸಿದರು. ನನ್ನ ಮಟ್ಟಿಗೆ ಆ ದಿನ ಸದನದಲ್ಲಿ ನಡೆದ ಅತ್ಯಂತ ಬೆಲೆಬಾಳುವ ಕೆಲಸ ಆ ಎರಡು ನಿಮಿಷಗಳದು, ಮತ್ತು ಅದಕ್ಕೆ ಪ್ರಶ್ನಿಸಿದವರು, ಉತ್ತರಿಸಿದವರು ಇಬ್ಬರೂ ಸಮನಾಗಿ ಕಾರಣರು.

ಶಿಕ್ಷಣದ ವೆಚ್ಚದ ಬಗ್ಗೆ ಮಾತನಾಡುವಾಗ ನಿಗದಿಯಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಎಂಬ ಈ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಕೇಳುವುದು ಅಗತ್ಯ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಆಯವ್ಯಯದ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ. ಹಿಂದಿನ ವರ್ಷ ಒಟ್ಟು ಗಾತ್ರ 3,71,383 ಕೋಟಿ, ಶಿಕ್ಷಣಕ್ಕೆ 44,422 ಕೋಟಿ. ಅಂದರೆ ಮೊತ್ತ 864 ಕೋಟಿಯಷ್ಟು ಏರಿದೆ, ಒಟ್ಟು ಗಾತ್ರದಲ್ಲಿ ಶಿಕ್ಷಣದ ಪಾಲು ಮಾತ್ರ ಸುಮಾರು ಶೇ. 12ರಿಂದ ಶೇ. 11ಕ್ಕೆ ಇಳಿದಿದೆ. ‘ಅನುದಾನ ಹೆಚ್ಚಿಸಿದ್ದೇವೆ’ ಎಂಬ ಮಾತೂ ನಿಜ, ‘ಪಾಲು ಕಡಿಮೆಯಾಗಿದೆ’ ಎಂಬ ಮಾತೂ ನಿಜ; ಸಚಿವರು ಎರಡನ್ನೂ ಒಟ್ಟಿಗೆ ಹೇಳಿದರೆ ಕೇಳುವವರಿಗೆ ಚಿತ್ರ ಸಿಗುತ್ತದೆ. (ಕೊಠಾರಿ ಆಯೋಗ 1966ರಲ್ಲಿ ಹೇಳಿದ ಶೇ. 6ನ್ನು ಚರ್ಚೆಗಳಲ್ಲಿ ಇದರ ಜೊತೆಗೆ ಬೆರೆಸುವುದುಂಟು. ಅದು ರಾಷ್ಟ್ರೀಯ ಆದಾಯದ ಪಾಲು, ಆಯವ್ಯಯದ ಪಾಲಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ಹಳಿ ತಪ್ಪುತ್ತದೆ.)

ಈ ದೊಡ್ಡ ಮೊತ್ತದ ಬಹುಭಾಗ ಸಾಮಾನ್ಯ ಶಿಕ್ಷಣದ 2202 ಎಂಬ ಲೆಕ್ಕ ಶೀರ್ಷಿಕೆಯ ಅಡಿಯಲ್ಲಿ ವೇತನಕ್ಕೆ ಹೋಗುತ್ತದೆ. ಅದನ್ನು ಆಕ್ಷೇಪಿಸುವುದು ನನಗೆ ಸರಿ ಕಾಣುವುದಿಲ್ಲ. ಶಿಕ್ಷಕರಿಲ್ಲದ ಶಾಲೆಗೆ ಹೊಸ ಕಟ್ಟಡ ಕಟ್ಟಿ ಪ್ರಯೋಜನವಿಲ್ಲ, ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು ದುಡಿಯುತ್ತಿರುವಾಗ ವೇತನದ ವೆಚ್ಚ ಇನ್ನೂ ಹೆಚ್ಚಬೇಕೆಂದೇ ನಾನು ಹೇಳುತ್ತೇನೆ. ಹೊಸ ಕೊಠಡಿಗಳಂಥ ಬಂಡವಾಳ ವೆಚ್ಚ 4202 ಎಂಬ ಬೇರೆ ಶೀರ್ಷಿಕೆಯಲ್ಲಿರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಒಂದು ಕಡೆಯ ಕಂತು ತಡವಾದರೆ ಶಾಲೆಯ ಕೆಲಸವೂ ತಡವಾಗುತ್ತದೆ. ‘ಶಿಕ್ಷಣಕ್ಕೆ ಇಷ್ಟು ಕೋಟಿ’ ಎಂಬ ಒಂದು ಅಂಕಿಯೊಳಗೆ ಇಷ್ಟೆಲ್ಲ ಅಡಗಿರುವಾಗ, ಮೂರನೆಯ ತರಗತಿಯ ಛಾವಣಿಗೆ ಇದರಲ್ಲಿ ಯಾವ ಶೀರ್ಷಿಕೆಯಿಂದ, ಯಾವ ಕಂತಿನಲ್ಲಿ ಹಣ ಬರಬೇಕು ಎಂಬುದನ್ನು ಕೇಳಿ ಪಡೆಯಬೇಕಾಗುತ್ತದೆ. ಅದನ್ನು ಹೇಳಬಲ್ಲವರು ಸಚಿವರೇ.

ಬೆಂಗಳೂರಿನವರಾದ ನಮಗೆ ಪ್ರಶ್ನೋತ್ತರದ ಈ ಒಂದು ಗಂಟೆಯ ಮೇಲೆ ಬೇರೆ ಊರಿನವರಿಗಿಂತ ಹೆಚ್ಚು ಭಾರ ಬಿದ್ದಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ನಗರ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ವಾರ್ಡಿನ ಸಭೆಯಲ್ಲಿ ಮುಗಿಯಬೇಕಾದ ಕಸ, ಬೀದಿದೀಪ, ಕೊಳವೆಬಾವಿಯ ಮಾತುಗಳೂ ಈ ವರ್ಷಗಳಲ್ಲಿ ನಗರದ 28 ಶಾಸಕರ ಬಳಿಗೇ ಹೋಗಿ, ಅಲ್ಲಿಂದ ಸದನದ ಪ್ರಶ್ನೆಗಳಾಗಿವೆ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಶಾಲೆಯ ಮುಂದಿನ ಚರಂಡಿಗೆ ಮುಚ್ಚಳ ಹಾಕಿಸುವುದಕ್ಕೂ ಸಚಿವರ ಉತ್ತರ ಬೇಕಾಗುತ್ತದೆ.

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯ ಸಂದರ್ಭದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ, ಅಲ್ಲಿಗೆ ಬಂದ ರೈತರು, ವರ್ತಕರು ದಿವಾನರ ಮಾತು ಕೇಳಬಹುದಿತ್ತು, ತಮ್ಮ ಅಹವಾಲು ಹೇಳಿಕೊಳ್ಳಬಹುದಿತ್ತು. ಉತ್ತರ ಕೊಡಲೇಬೇಕೆಂದು ಹಿಡಿದು ನಿಲ್ಲಿಸುವ ಅಧಿಕಾರ ಅವರಿಗಿರಲಿಲ್ಲ. ಇಂದಿನ 224 ಸದಸ್ಯರಿಗೆ ಆ ಅಧಿಕಾರವಿದೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ. ಆ ದಿನಗಳು ಕಡಿಮೆಯಾದರೆ ಪ್ರಶ್ನೋತ್ತರವೂ ಕಡಿಮೆಯಾಗುತ್ತದೆ. ನಡೆದ ದಿನವೂ ಸದನದ ಬಾವಿಗಿಳಿದ ಗದ್ದಲದಲ್ಲಿ ಪ್ರಶ್ನೋತ್ತರ ಮುಂದಕ್ಕೆ ಹೋದಾಗ, ‘ಉತ್ತರಗಳನ್ನು ಮಂಡಿಸಲಾಗಿದೆ’ ಎಂದು ಭಾವಿಸಲಾಗುತ್ತದೆ. ಉಪಪ್ರಶ್ನೆ ಮಾತ್ರ ಹುಟ್ಟುವುದೇ ಇಲ್ಲ. ಯಾವ ಪಕ್ಷದವರು ಗದ್ದಲ ಮಾಡಿದರೂ ನಷ್ಟ ಅದೇ.

‘ಕ್ರಮ ವಹಿಸಲಾಗುವುದು’ ಎಂಬ ಮಾತಿಗೂ ಬೆಲೆ ಬರುವ ದಾರಿಯೊಂದಿದೆ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿಯಿದೆ. ಲೋಕಸಭೆಯಲ್ಲಿ ‘ಪರಿಶೀಲಿಸುತ್ತೇನೆ’ ಎಂದರೂ ಅದು ಭರವಸೆಯಾಗಿ ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಅದನ್ನು ಪೂರೈಸಬೇಕು. ಜಾತಿ ಪ್ರಮಾಣಪತ್ರ ತಡವಾದರೆ ಸಕಾಲ ಕಾಯ್ದೆಯಡಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕನ್ನು 2012ರಿಂದ ನಮಗೆ ಕೊಟ್ಟಿರುವ ರಾಜ್ಯವಿದು. ಒಂದು ಪ್ರಮಾಣಪತ್ರಕ್ಕೆ ದಿನಗಳನ್ನು ಎಣಿಸಬಲ್ಲ ಆಡಳಿತ, ಒಂದು ಛಾವಣಿಗೂ ದಿನಾಂಕ ಹೇಳಬಲ್ಲದು ಎಂದು ನಾನು ನಂಬಿದ್ದೇನೆ.

ಮುಂದಿನ ಅಧಿವೇಶನಕ್ಕೆಂದು ಕಳೆದ ಶನಿವಾರ ಎಸ್‌ಡಿಎಂಸಿ ಸಭೆಯಲ್ಲಿ ಕುಳಿತು ಪ್ರಶ್ನೆಯನ್ನು ಮತ್ತೆ ಬರೆದೆವು. ‘ಅ’ ಭಾಗದಲ್ಲಿ ಶಾಲೆಯ ಹೆಸರು, ಇಲಾಖೆಯ ದಾಖಲೆಯಲ್ಲಿ ಶಾಲೆಯನ್ನು ಗುರುತಿಸುವ ಡೈಸ್ ಸಂಖ್ಯೆ, ಎರಡು ಕೊಠಡಿಗಳ ಸ್ಥಿತಿ ಮತ್ತು ಅವುಗಳಲ್ಲಿ ಕುಳಿತುಕೊಳ್ಳುವ ಮಕ್ಕಳ ಸಂಖ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಿದೆವು. ‘ಆ’ ಭಾಗದಲ್ಲಿ ಕಳೆದ ಮೂರು ವರ್ಷಗಳಲ್ಲಿ ಈ ಶಾಲೆಯ ದುರಸ್ತಿಗೆ ನಿಗದಿಯಾದ, ಬಿಡುಗಡೆಯಾದ, ವೆಚ್ಚವಾದ ಮೊತ್ತಗಳೆಷ್ಟು, ವರ್ಷವಾರು, ಲೆಕ್ಕ ಶೀರ್ಷಿಕೆವಾರು ವಿವರ ನೀಡುವುದು ಎಂದು ಬರೆದೆವು. ‘ಇ’ ಭಾಗದಲ್ಲಿ ಕಾಮಗಾರಿ ಯಾವ ದಿನಾಂಕದೊಳಗೆ ಪೂರ್ಣಗೊಳ್ಳುವುದು ಎಂದಷ್ಟೇ ಇದೆ. ಮುಖ್ಯ ಶಿಕ್ಷಕಿ ಓದಿನೋಡಿ, ‘ಎರಡು ಕೊಠಡಿಗಳು’ ಎಂಬಲ್ಲಿ ‘ಕೊಠಡಿ ಸಂಖ್ಯೆ 3 ಮತ್ತು 5’ ಎಂದು ತಿದ್ದಿದರು. ಸೋಮವಾರ ಬೆಳಿಗ್ಗೆ ಅದನ್ನು ಶಾಸಕರ ಕಚೇರಿಗೆ ಕೊಟ್ಟು, ಈ ಸಲ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಡಬೇಕೆಂದು ಕೇಳಿಕೊಂಡು, ಸ್ವೀಕೃತಿಯ ಸಹಿ ಪಡೆದು ಬಂದಿದ್ದೇನೆ.