ಪಾಜೆಯಲ್ಲಿ ಗಾಳಿಗಿಂತ ಮೊದಲು ನೀರನ್ನು ನೋಡಬೇಕು

ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಪೂರ್ವ ತೀರದಲ್ಲಿರುವ ಪಾಜೆ ಎಂಬ ಊರಿಗೆ ಕೈಟ್‌ಸರ್ಫಿಂಗ್‌ಗಾಗಿ ಬರುವವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಗಾಳಿಯನ್ನೇ. ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡಿನ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟವಿದು. ಗಾಳಿ ಎಷ್ಟು ನಾಟ್ ವೇಗದಲ್ಲಿ ಬೀಸುತ್ತದೆ, 9 ಚದರ ಮೀಟರಿನ ಕೈಟ್ ಸಾಕೇ, 12ರದ್ದು ಬೇಕೇ ಎಂಬ ಚಿಂತೆಯಲ್ಲೇ ಅವರ ಬೆಳಗು ಕಳೆಯುತ್ತದೆ. ಉದ್ಯೋಗದ ನಿಮಿತ್ತ ದಾರ್ ಎಸ್ ಸಲಾಮಿನಲ್ಲಿ ನೆಲೆಸಿರುವ ನಾನು ರಜೆ ಸಿಕ್ಕಾಗಲೆಲ್ಲ ಫೆರಿ ಹಿಡಿದು ಅಲ್ಲಿಗೆ ಹೋಗುತ್ತ ಬಂದಿದ್ದೇನೆ. ಪರಿಚಯದವರು ಯಾರಾದರೂ ಸಲಹೆ ಕೇಳಿದರೆ, ಮೊದಲು ಪಂಚಾಂಗ ತೆರೆದು ತಿಥಿ ನೋಡಿ, ಗಾಳಿಯ ಮುನ್ಸೂಚನೆಯನ್ನು ಆಮೇಲೆ ನೋಡಿದರಾಯಿತು ಎನ್ನುತ್ತೇನೆ.

ಕಾರಣವಿಷ್ಟೆ. ಪಾಜೆಯ ದಡಕ್ಕೂ ತೆರೆದ ಹಿಂದೂ ಮಹಾಸಾಗರಕ್ಕೂ ನಡುವೆ, ದೂರದಲ್ಲಿ, ಹವಳದ ದಿಬ್ಬವೊಂದು ತೀರದುದ್ದಕ್ಕೂ ಹಬ್ಬಿದೆ. ಸಾಗರದ ದೊಡ್ಡ ಅಲೆಗಳು ಅಲ್ಲಿಯೇ ಬಿಳಿ ನೊರೆಯಾಗಿ ಒಡೆಯುವುದರಿಂದ ದಿಬ್ಬದ ಒಳಗಿನ ಲಗೂನ್ ಶಾಂತವಾಗಿರುತ್ತದೆ, ಮತ್ತು ಅದರ ತಳದಲ್ಲಿ ಹೆಚ್ಚಿನ ಕಡೆ ಬಿಳಿ ಮರಳೇ ಇದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಇಲ್ಲಿ ಉಬ್ಬರ ಮತ್ತು ಇಳಿತದ ನಡುವಿನ ಅಂತರ ಬಹಳ ದೊಡ್ಡದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಮೂರು ಮೀಟರು ದಾಟುತ್ತದೆ. ಆ ದಿನಗಳಲ್ಲಿ ಬೆಳಗಿನ ಹತ್ತರ ಸುಮಾರಿಗೆ ನೀರು ಎಷ್ಟು ಹಿಂದೆ ಸರಿದಿರುತ್ತದೆಂದರೆ, ಹಿಂದಿನ ಸಂಜೆ ಕೈಟ್ ಹಾರಿಸಿದ್ದ ಜಾಗದಲ್ಲಿ ಒದ್ದೆ ಮರಳಿನ ಬಯಲು ಹರಡಿಕೊಂಡಿರುತ್ತದೆ ಮತ್ತು ದಿಬ್ಬದ ಕಡೆಗೆ ಜನ ನಡೆದುಕೊಂಡೇ ಹೋಗುತ್ತಾರೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅದೇ ಜಾಗದಲ್ಲಿ ತಲೆ ಮುಳುಗುವಷ್ಟು ನೀರು ತುಂಬುತ್ತದೆ. ಈ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದೆ ಹೋಗುತ್ತದೆ. ಅಷ್ಟಮಿಯ ಸಮೀಪ ಏರಿಳಿತ ಎರಡೂ ಸೌಮ್ಯವಾಗುತ್ತವೆ; ನಿಧಾನವಾಗಿ ಕಲಿಯಲು ಬಯಸುವವರಿಗೆ ನಾನು ಆ ದಿನಗಳನ್ನೇ ಸೂಚಿಸುತ್ತೇನೆ.

ನೀರು ಮೊಣಕಾಲಿನ ಮಟ್ಟದಲ್ಲಿದ್ದಾಗ ಲಗೂನ್ ನುಣುಪಾಗಿರುತ್ತದೆ, ಬೋರ್ಡು ಸದ್ದಿಲ್ಲದೆ ಜಾರುತ್ತದೆ, ಬಿದ್ದರೆ ಎದ್ದು ನಿಲ್ಲಬಹುದು. ಆದರೆ ಅಷ್ಟು ಕಡಿಮೆ ನೀರಿನಲ್ಲಿ ಎತ್ತರಕ್ಕೆ ಜಿಗಿಯಲು ಹೋಗುವುದು ಅಪಾಯ, ಏಕೆಂದರೆ ಬೀಳುವ ದೇಹವನ್ನು ತಡೆಯಲು ನೀರಿಗೆ ಅಲ್ಲಿ ಆಳವಿಲ್ಲ. ಉಬ್ಬರ ತುಂಬಿದಾಗ ಅಲೆಗಳು ದಿಬ್ಬದ ಮೇಲಿನಿಂದ ದಾಟಿ ಒಳಗೆ ಬರುತ್ತವೆ, ನೀರು ಕದಡುತ್ತದೆ, ಹೊಸಬರಿಗೆ ಬೋರ್ಡಿನ ಮೇಲೆ ನಿಲ್ಲುವುದು ಕಷ್ಟವಾಗುತ್ತದೆ. ಇಳಿತ ಆರಂಭವಾದ ಮೇಲೆ ಲಗೂನಿನ ನೀರೆಲ್ಲ ದಿಬ್ಬದ ನಡುವಿನ ತೆರಪುಗಳ ಮೂಲಕ ಹೊರಗೆ ಹರಿಯುವುದರಿಂದ ಆ ತೆರಪುಗಳ ಬಳಿ ಸೆಳೆತ ಬಲವಾಗಿರುತ್ತದೆ. ಪಳಗಿದವರು ಕೂಡ ಆ ಹೊತ್ತಿನಲ್ಲಿ ಅತ್ತ ಸುಳಿಯದಿರುವುದು ಒಳ್ಳೆಯದು. ಕಾಲಿಗೆ ರಬ್ಬರಿನ ಬೂಟು ಬೇಕೇ ಬೇಕು, ಏಕೆಂದರೆ ಮೈತುಂಬ ಮುಳ್ಳಿರುವ ಪುಟ್ಟ ಜೀವಿಗಳಾದ ಕಡಲಮುಳ್ಳಿಗಳು (ಸೀ ಅರ್ಚಿನ್) ಕಲ್ಲಿನ ಸಂದುಗಳಲ್ಲಿ ಧಾರಾಳವಾಗಿವೆ.

ಇಳಿತದ ಹೊತ್ತು ಕೈಟ್‌ನವರದ್ದಲ್ಲ ಎಂಬುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ, ಅದೇ ನನಗೆ ಮುಖ್ಯವಾದದ್ದು. ಪಾಜೆ ಮತ್ತು ಅದರ ದಕ್ಷಿಣದ ಜಂಬಿಯಾನಿಯಲ್ಲಿ 1989ರಿಂದ ಕಡಲಕಳೆಯ ಬೇಸಾಯ ನಡೆಯುತ್ತಿದೆ. ಸ್ಥಳೀಯರು ಇದನ್ನು ಮ್ವಾನಿ ಎನ್ನುತ್ತಾರೆ. ಮಾಡುವವರಲ್ಲಿ ಬಹುಪಾಲು ಹೆಂಗಸರು. ಇಳಿತದ ದಿನ ನಡೆದು ಹೋಗಿ ಹತ್ತಿರದಿಂದ ನೋಡಿದರೆ ಮರಳಿನಲ್ಲಿ ಸಾಲಾಗಿ ನೆಟ್ಟ ಮರದ ಗೂಟಗಳು, ಗೂಟದಿಂದ ಗೂಟಕ್ಕೆ ಬಿಗಿದ ಹಗ್ಗ, ಆ ಹಗ್ಗಕ್ಕೆ ಗೇಣು ಅಂತರದಲ್ಲಿ ತೆಳು ದಾರದಿಂದ ಕಟ್ಟಿದ ಕಳೆಯ ತುಣುಕುಗಳು ಕಾಣುತ್ತವೆ. ಖಾಂಗಾ ಎಂಬ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ನೀರಿನಲ್ಲೇ ಕುಳಿತು, ಬೆಳೆದದ್ದನ್ನು ಬಿಚ್ಚಿ ಚೀಲಕ್ಕೆ ತುಂಬುತ್ತ, ಬರಿದಾದ ಜಾಗಕ್ಕೆ ಹೊಸ ತುಣುಕನ್ನು ಕಟ್ಟುತ್ತ, ನೀರು ಏರುವುದರೊಳಗೆ ಒಂದು ಸಾಲು ಮುಗಿಸುವ ಅವಸರದಲ್ಲಿರುತ್ತಾಳೆ. ಸುಮಾರು ಆರು ವಾರಕ್ಕೆ ಬೆಳೆ ಕೊಯ್ಲಿಗೆ ಬರುತ್ತದೆ. ಒಣಗಿಸಿ ಮಾರಿದ ಈ ಕಳೆಯಿಂದ ತೆಗೆಯುವ ಕ್ಯಾರಗೀನನ್, ಟೂತ್‌ಪೇಸ್ಟ್ ಮತ್ತು ಐಸ್‌ಕ್ರೀಮುಗಳನ್ನು ಮಂದಗೊಳಿಸಲು ಬಳಕೆಯಾಗುತ್ತದೆ.

ಉಬ್ಬರದಲ್ಲಿ ಈ ಗೂಟಗಳೆಲ್ಲ ನೀರಿನಡಿ ಮರೆಯಾಗುತ್ತವೆ. ಅರೆಬರೆ ನೀರಿರುವಾಗ ಅವುಗಳ ಮೇಲೆ ಬೋರ್ಡು ಓಡಿಸಿದರೆ ಅದರ ಅಡಿಯ ರೆಕ್ಕೆ (ಫಿನ್) ಹಗ್ಗಕ್ಕೆ ಸಿಕ್ಕಿ ಸವಾರ ಬೀಳುತ್ತಾನೆ ಎಂದು ಎಲ್ಲರೂ ಎಚ್ಚರಿಸುತ್ತಾರೆ, ಆದರೆ ಒಂದು ಹಗ್ಗ ಹರಿದರೆ ಒಬ್ಬಾಕೆಯ ವಾರಗಳ ದುಡಿಮೆ ಅಲೆಯೊಂದಿಗೆ ಹೋಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಇಪ್ಪತ್ತಕ್ಕೂ ಹೆಚ್ಚು ಮೀಟರು ಉದ್ದದ ನಾಲ್ಕು ಬಿಗಿ ದಾರಗಳನ್ನು ತಲೆಯ ಮೇಲೆ ಎಳೆದುಕೊಂಡು ವೇಗವಾಗಿ ಸಾಗುವವನು ಬಗ್ಗಿ ಕೆಲಸ ಮಾಡುತ್ತಿರುವವರ ಸಮೀಪ ಹಾದುಹೋಗುವುದೂ ತಪ್ಪೇ. ಸಮುದ್ರದ ನೀರು ಬಿಸಿಯಾಗುತ್ತಿರುವುದರಿಂದ ಹೆಚ್ಚು ಬೆಲೆ ಬಾಳುವ ಕಾಟೋನಿ ತಳಿ ಆಳವಿಲ್ಲದ ನೀರಿನಲ್ಲಿ ಸಾಯುತ್ತಿದೆ, ಉಳಿದಿರುವ ಸ್ಪೈನೋಸಮ್ ತಳಿಗೆ ಬೆಲೆ ಕಡಿಮೆ. ಇಷ್ಟು ಕಷ್ಟದಲ್ಲಿರುವ ಬೇಸಾಯಕ್ಕೆ ರಜೆಗೆಂದು ಬಂದ ನಾವು ಇನ್ನಷ್ಟು ತೊಂದರೆ ಕೊಡುವ ಹಕ್ಕು ಪಡೆದಿಲ್ಲ. ಕಲಿಸುವವರನ್ನು ಆರಿಸುವಾಗ, ಗೂಟಗಳು ಎಲ್ಲಿವೆ ಎಂದು ಮೊದಲ ದಿನವೇ ಕರೆದುಕೊಂಡು ಹೋಗಿ ತೋರಿಸುವವರನ್ನು ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಗಾಳಿಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ಕೂಸಿ ಎಂದೂ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದಕ್ಕೆ ಕಸ್ಕಾಜಿ ಎಂದೂ ಹೆಸರು. ಕೂಸಿಯ ಗಾಳಿಗೂ ನಮ್ಮ ಕರಾವಳಿಗೂ ಇರುವ ನಂಟನ್ನು ತಿಳಿದಾಗ ನನಗೆ ರೋಮಾಂಚನವಾಯಿತು. ದಕ್ಷಿಣ ಗೋಳಾರ್ಧದಿಂದ ಬರುವ ಈ ಮಾರುತವೇ ಆಫ್ರಿಕಾದ ಪೂರ್ವ ತೀರದ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಬಾಗಿ, ಸೊಮಾಲಿಯಾದ ಬದಿಯಿಂದ ಅರಬ್ಬೀ ಸಮುದ್ರವನ್ನು ಹಾದು, ಮುಂಗಾರಾಗಿ ಮಂಗಳೂರು, ಕಾರವಾರಗಳ ಮೇಲೆ ಸುರಿಯುತ್ತದೆ. ಈ ಪ್ರಬಲ ಗಾಳಿಯ ಹರಿವನ್ನು 1960ರ ದಶಕದಲ್ಲಿ ವಿವರವಾಗಿ ಗುರುತಿಸಿದವರು ಹವಾಮಾನ ತಜ್ಞ ಜಾನ್ ಫಿಂಡ್ಲೇಟರ್. ಜುಲೈನಲ್ಲಿ ಊರಿನಿಂದ ಅಮ್ಮ ಫೋನು ಮಾಡಿ ಮಳೆ ಬಿಡುವೇ ಕೊಡುತ್ತಿಲ್ಲ ಎಂದಾಗ, ಪಾಜೆಯಲ್ಲಿ ಅದೇ ಮಾರುತದ ಆರಂಭದ ಭಾಗ ನನ್ನ ಕೈಟನ್ನು ಎಳೆಯುತ್ತಿರುತ್ತದೆ.

ಎರಡೂ ಗಾಳಿಗಳು ದಡಕ್ಕೆ ಓರೆಯಾಗಿ, ಸಮುದ್ರದ ಕಡೆಯಿಂದ ಬೀಸುತ್ತವೆ. ಆದ್ದರಿಂದ ಕೈಟ್ ನೀರಿಗೆ ಬಿದ್ದು ಏಳದಿದ್ದರೂ ಗಾಳಿ ಸವಾರನನ್ನು ದಡದ ಕಡೆಗೇ ತಳ್ಳುತ್ತದೆ. ನೀರಿಗೆ ಬಿದ್ದ ಕೈಟ್ ಮತ್ತೆ ಏಳುವಂತಾದದ್ದೇ ಈ ಆಟವನ್ನು ಸಾಮಾನ್ಯರಿಗೆ ಎಟುಕಿಸಿತು. ಗಾಳಿ ತುಂಬಿದ ಕೊಳವೆಗಳ ಚೌಕಟ್ಟಿರುವ ಕೈಟ್‌ಗೆ ಫ್ರಾನ್ಸಿನ ಲೆಗೆನ್ಯೂ ಸಹೋದರರು ಪೇಟೆಂಟ್ ಪಡೆದದ್ದು 1984ರಲ್ಲಿ.

ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಿ ಹೊರಟ ಜಾಗಕ್ಕೇ ಮರಳುವುದು ಕಲಿಕೆಯ ಕಠಿಣ ಘಟ್ಟ. ಕೈಟನ್ನು ಅದು ಹಾರಬಲ್ಲ ವಲಯದ ಅಂಚಿನಲ್ಲಿ ತಗ್ಗಿಸಿ ನಿಲ್ಲಿಸಿ, ಹಿಮ್ಮಡಿಯಿಂದ ಬೋರ್ಡಿನ ಅಂಚನ್ನು ನೀರಿಗೆ ಒತ್ತಿ, ದೃಷ್ಟಿಯನ್ನು ಹೋಗಬೇಕಾದ ಕಡೆಗೆ ನೆಟ್ಟರೆ ಬೋರ್ಡು ತಾನಾಗಿ ಗಾಳಿಯತ್ತ ಏರುತ್ತದೆ. ಕಣ್ಣು ಕೈಟಿನ ಮೇಲೆ ಉಳಿದರೆ ದೇಹವೂ ಅದರ ಹಿಂದೆಯೇ ಜಾರುತ್ತದೆ. ಕೂಸಿಯಲ್ಲಿ ದಿಬ್ಬದ ಕಡೆಗೆ ಹೊರಡುವಾಗ ಬಲಗಾಲು ಮುಂದಿರುತ್ತದೆ, ಗಾಳಿಗೆದುರಾಗಿ ಏರಲಾಗದವರು ಉತ್ತರದ ಬ್ವೆಜೂ ಊರಿನ ಕಡೆಗೆ ತೇಲಿ ಹೋಗುತ್ತಾರೆ. ಕಸ್ಕಾಜಿಯಲ್ಲಿ ಎಲ್ಲವೂ ತಿರುಗುಮುರುಗಾಗಿ, ಎಡಗಾಲು ಮುಂದೆ ಬರುತ್ತದೆ, ತೇಲುವುದು ಜಂಬಿಯಾನಿಯ ಕಡೆಗೆ. ಜುಲೈನಲ್ಲಿ ಕಲಿತವರು ಜನವರಿಯಲ್ಲಿ ಬಂದರೆ ಮೊದಲೆರಡು ದಿನ ಹೊಸ ಕಾಲಿಗೆ ಅಭ್ಯಾಸ ಮಾಡಿಸಲು ಮೀಸಲಿಟ್ಟು, ಅಷ್ಟಮಿಯ ಆಚೀಚೆಯ ದಿನಗಳನ್ನೇ ಅದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು.