ಕುವೊಪಿಯೊದ ಪಕ್ಕಿ

ಪಕ್ಕಿ ಅಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹಕ್ಕಿ. ಫಿನ್ಲೆಂಡಿನಲ್ಲಿ ಅದು ಐಸ್ ಹಾಕಿ ಡಿಫೆಂಡರ್‌ಗೆ ಆಡುಮಾತಿನ ಹೆಸರು. ನಾನು ಈ ಪದವನ್ನು ಮೊದಲು ಕೇಳಿದ್ದು ಕುವೊಪಿಯೊದಲ್ಲಿ, ಮಗನ ಶಾಲೆಯ ಮೈದಾನದಲ್ಲಿ. ಚಳಿಗಾಲ ಬಂತೆಂದರೆ ಪೈಪ್ ಹಿಡಿದು ಅಲ್ಲಿ ನೀರು ಬಿಡುತ್ತಾರೆ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಸಂಜೆ ನಾಲ್ಕಕ್ಕೇ ಕತ್ತಲು, ಮೈನಸ್ ಹದಿನೈದು ಡಿಗ್ರಿ, ಆದರೂ ಮಕ್ಕಳು ಮನೆಗೆ ಬರುವುದಿಲ್ಲ. ಕೋಚ್ ನನ್ನ ಮಗನಿಗೆ ಮೊದಲು ಹೇಳಿಕೊಟ್ಟಿದ್ದು ಇಷ್ಟೇ: ಹಿಂದಕ್ಕೆ ಜಾರುತ್ತಿರು, ಪಕ್ (ಆಟದ ರಬ್ಬರ್ ಬಿಲ್ಲೆ) ನೋಡಬೇಡ, ಎದುರಿನವನ ಎದೆ ನೋಡು. ಕೋಲು, ಕಣ್ಣು, ಭುಜ ಎಲ್ಲದರಲ್ಲೂ ಅವನು ಮೋಸ ಮಾಡಬಹುದು, ಎದೆ ಮಾತ್ರ ಹೋಗುವ ಕಡೆಗೇ ತಿರುಗುತ್ತದೆ.

ಈ ಊರಿನ ದೊಡ್ಡ ಪಕ್ಕಿ ಕಿಮ್ಮೊ ತಿಮೊನೆನ್. ಹುಟ್ಟಿದ್ದು 1975ರಲ್ಲಿ, ಆಟ ಕಲಿತದ್ದು ಇಲ್ಲಿನ ಕಲ್ಪಾ ಕ್ಲಬ್ಬಿನಲ್ಲಿ. ಎತ್ತರ ಸುಮಾರು 178 ಸೆಂಟಿಮೀಟರ್. ನಮಗೆ ಅದು ಚೆನ್ನಾಗಿಯೇ ಇದೆ ಅನಿಸುತ್ತದೆ, ಅಲ್ವಾ? ಆದರೆ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಡಿಫೆಂಡರ್ ಎಂದರೆ ಗೋಡೆಯಂಥ ಆಳು ಬೇಕು ಎನ್ನುತ್ತಿದ್ದ ಕಾಲ ಅದು. 1993ರ ಡ್ರಾಫ್ಟಿನಲ್ಲಿ, ಅಂದರೆ ಲೀಗಿನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಇವನ ಹೆಸರು ಕರೆದಾಗ ಆಗಲೇ 249 ಹುಡುಗರು ಆಯ್ಕೆಯಾಗಿದ್ದರು.

ಅಲ್ಲಿಗೆ ಹೋಗಿ ಆಡಲು 1998ರವರೆಗೆ ಕಾಯಬೇಕಾಯಿತು. ನ್ಯಾಶ್‌ವಿಲ್ ಆಗಷ್ಟೇ ಹುಟ್ಟಿದ ತಂಡ. ಅಲ್ಲಿ ಕ್ಯಾಪ್ಟನ್ ಆಗುವವರೆಗೂ ಬೆಳೆದ, 2007ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದ. ನಡುವೆ ಫಿನ್ಲೆಂಡಿಗೆ ನಾಲ್ಕು ಒಲಿಂಪಿಕ್ ಪದಕ, 2006ರದ್ದು ಬೆಳ್ಳಿ, ಉಳಿದವು ಕಂಚು. ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಒಂದು ಮಾತ್ರ ಸಿಗಲಿಲ್ಲ. 2010ರ ಫೈನಲ್‌ನಲ್ಲಿ ಶಿಕಾಗೊ ಎದುರು ಸೋತರು.

ಆಮೇಲೆ 2014ರ ಬೇಸಿಗೆ. ಕಾಲಿನಲ್ಲೂ ಎರಡೂ ಶ್ವಾಸಕೋಶಗಳಲ್ಲೂ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವನು ಮೈಗೆ ಮೈ ಗುದ್ದುವ ಆಟ ಆಡುವುದೆಂದರೆ ಏಟು ಬಿದ್ದರೆ ಒಳಗೇ ರಕ್ತ ನಿಲ್ಲದೆ ಹರಿಯುವ ಭಯ. ಮೂವತ್ತೊಂಬತ್ತು ವರ್ಷ. ಮುಗೀತು ಎಂದೇ ಎಲ್ಲರೂ ಅಂದುಕೊಂಡರು. ಅವನು ತಿಂಗಳುಗಟ್ಟಲೆ ಕಾದ. 2015ರ ಫೆಬ್ರವರಿಯಲ್ಲಿ ಅವನನ್ನು ಕರೆಸಿಕೊಂಡದ್ದು ಅದೇ ಶಿಕಾಗೊ.

ಅಲ್ಲಿ ಅವನಿಗೆ ಸಿಕ್ಕಿದ್ದು ಪಂದ್ಯಕ್ಕೆ ಕೆಲವೇ ನಿಮಿಷ. ಒಂದು ಗೋಲೂ ಇಲ್ಲ, ಗೋಲಿಗೆ ನೆರವಾದ ಒಂದು ಪಾಸೂ ಇಲ್ಲ. ಕಾಲು ಮೊದಲಿನಂತೆ ಓಡುತ್ತಿರಲಿಲ್ಲ. ಇದು ಅವನ ಕೊನೆಯ ಸೀಸನ್ ಎಂದು ತಂಡಕ್ಕೆಲ್ಲ ಗೊತ್ತಿತ್ತು. ಜೂನ್ 15ರಂದು ಟಾಂಪಾ ಬೇ ತಂಡವನ್ನು 2–0ರಿಂದ ಸೋಲಿಸಿ ಕಪ್ ಗೆದ್ದಾಗ ಕ್ಯಾಪ್ಟನ್ ಜೊನಾಥನ್ ಟೇವ್ಸ್ ಅದನ್ನು ಎತ್ತಿ, ಅಷ್ಟು ಜನ ಸ್ಟಾರ್‌ಗಳಿದ್ದರೂ, ಮೊದಲು ಕೊಟ್ಟಿದ್ದು ತಿಮೊನೆನ್ ಕೈಗೆ.

ಆ ವಿಡಿಯೊ ನಮ್ಮ ಮನೆಯಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ನಲವತ್ತು ವರ್ಷದ, ಹಲ್ಲು ಕಚ್ಚಿ ಕಾದಿದ್ದ ಮನುಷ್ಯ ಕಪ್ಪನ್ನು ತಲೆ ಮೇಲೆತ್ತುತ್ತಾನೆ, ಮುಖವೆಲ್ಲ ನಗು. ಅದೇ ಅವನ ಕೊನೆಯ ಪಂದ್ಯ.