ಟ್ಯಾಬ್ ಮುಟ್ಟೋಕೆ ಮುಂಚೆ ನೋಟ್‌ಬುಕ್ಕಲ್ಲಿ ಬರೀರಿ

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಆರು, ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ತಗೊಳ್ತೀನಿ. ನಮ್ಮ ಶಾಲೆಗೆ ಒಂದು ಕಂಪನಿ ಕಡೆಯಿಂದ ಟ್ಯಾಬ್ ಬಂದಿದಾವೆ, ಈಗ ಸುತ್ತಮುತ್ತಲಿನ ಬೇರೆ ಶಾಲೆಗಳಿಗೂ ಬರ್ತಾ ಇದಾವೆ. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರೋ ಕ್ಲಸ್ಟರ್ ಮೀಟಿಂಗಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಯಾವ ಆ್ಯಪ್ ಹಾಕಿದೀರ ಮೇಡಂ ಅಂತ. ಆ್ಯಪ್ ಹೆಸರು ಹೇಳೋದು ಸುಲಭ, ಹೇಳ್ತೀನಿ ಕೂಡ. ಆದ್ರೆ ಮಕ್ಕಳ ಕಲಿಕೇಲಿ ನನಗೆ ವ್ಯತ್ಯಾಸ ಕಂಡಿದ್ದು ಆ್ಯಪ್ ಬದಲಾಯಿಸಿದಾಗ ಅಲ್ಲ, ಟ್ಯಾಬ್ ಮುಟ್ಟೋಕೆ ಮುಂಚೆ ಉತ್ತರ ಏನು ಬರಬಹುದು, ಯಾಕೆ ಬರಬಹುದು ಅಂತ ನೋಟ್‌ಬುಕ್ಕಲ್ಲಿ ಒಂದೆರಡು ಸಾಲು ಬರೆಸೋಕೆ ಶುರು ಮಾಡಿದಾಗ.

ಯಾಕೆ ಅಂತ ದಶಮಾಂಶದ ಪಾಠದಿಂದ ಹೇಳ್ತೀನಿ. 0.5 ದೊಡ್ಡದಾ 0.35 ದೊಡ್ಡದಾ ಅಂತ ಕೇಳಿದ್ರೆ ನಮ್ಮ ಆರನೇ ಕ್ಲಾಸಲ್ಲಿ ತುಂಬಾ ಮಕ್ಕಳು 0.35 ಅಂತಾರೆ, "ಮೂವತ್ತೈದು ಐದಕ್ಕಿಂತ ದೊಡ್ಡದಲ್ವಾ ಮಿಸ್" ಅಂತ. ಅವರಿಗೆ ಅದು ತಪ್ಪು ಅಂತ ಅನ್ಸೋದೇ ಇಲ್ಲ, ಇಷ್ಟು ವರ್ಷ ಕಲಿತ ಪೂರ್ಣ ಸಂಖ್ಯೆ ಲೆಕ್ಕಾನ ಇಲ್ಲಿಗೂ ತಂದಿರ್ತಾರೆ ಅಷ್ಟೆ. ಈಗ ಇದೇ ಮಗುಗೆ ಟ್ಯಾಬಲ್ಲಿ 0.75, 0.5 ಇವೆರಡರಲ್ಲಿ ಯಾವುದು ದೊಡ್ಡದು ಅಂತ ಬಂತು ಅನ್ಕೊಳ್ಳಿ, 75 ದೊಡ್ಡದು ಅಂತ ಒತ್ತುತ್ತೆ, ಹಸಿರು ಟಿಕ್ ಬೀಳುತ್ತೆ, ಮುಂದಕ್ಕೆ ಹೋಗುತ್ತೆ. ಅಂಕಿ ಜಾಸ್ತಿ ಇರೋ ಸಂಖ್ಯೆನೇ ದೊಡ್ಡದಾಗಿರೋ ಲೆಕ್ಕಗಳು ಒಂದು ಅಭ್ಯಾಸದಲ್ಲಿ ಜಾಸ್ತಿ ಇದ್ವು ಅಂದ್ರೆ ಆ ಮಗುಗೆ ಒಳ್ಳೆ ಮಾರ್ಕ್ಸೇ ಬರುತ್ತೆ, ರಿಪೋರ್ಟಲ್ಲೂ ಪಾಸು, ಮನಸ್ಸಲ್ಲಿ ಮಾತ್ರ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾಗಿ ಕೂತಿರುತ್ತೆ. ನೋಟ್‌ಬುಕ್ಕಲ್ಲಿ "ಉದ್ದ ಇದೆ, ಅದಕ್ಕೇ ದೊಡ್ಡದು" ಅಂತ ಬರೆದಿರೋದು ನೋಡಿದಾಗಲೇ ಅದು ನಮ್ಮ ಕಣ್ಣಿಗೆ ಬೀಳೋದು. ಇದಕ್ಕೆ ಉಲ್ಟಾ ಯೋಚನೆ ಮಾಡೋ ಮಕ್ಕಳೂ ಇದಾರೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಅಂತ ಕೇಳ್ಕೊಂಡು, ಅಂಕಿ ಕಮ್ಮಿ ಇದ್ರೆ ಅದೇ ದೊಡ್ಡದು ಅಂತ ತೀರ್ಮಾನ ಮಾಡ್ಕೊಂಡಿರ್ತಾರೆ. ಇಬ್ಬರ ಸ್ಕೋರೂ ಹತ್ರ ಹತ್ರ ಇರಬಹುದು, ಇಬ್ಬರಿಗೂ ಹೇಳ್ಕೊಡಬೇಕಾಗಿರೋದು ಪೂರ್ತಿ ಬೇರೆ ಬೇರೆ.

ಹಾಗಂತ ಟ್ಯಾಬ್ ಬೇಡ ಅಂತ ಅಲ್ಲ. ಇದೇ ದಶಮಾಂಶಕ್ಕೆ ನಾವೆಲ್ಲ ರೂಪಾಯಿ ಪೈಸೆ ಉದಾಹರಣೆ ಕೊಡ್ತೀವಿ, 0.5 ಅಂದ್ರೆ ಐವತ್ತು ಪೈಸೆ, 0.35 ಅಂದ್ರೆ ಮೂವತ್ತೈದು ಪೈಸೆ ಅಂತ. ಆದ್ರೆ ಈಗಿನ ಮಕ್ಕಳು ಪೈಸೆ ನೋಡಿಲ್ಲ, ಮೇಲಾಗಿ 0.355 ಬಂದ ತಕ್ಷಣ ಆ ಉದಾಹರಣೆ ಕೈ ಕೊಡುತ್ತೆ. ಜಿಯೋಜೀಬ್ರಾ ಅನ್ನೋ ಗಣಿತದ ಆ್ಯಪಲ್ಲಿ ಸಂಖ್ಯಾ ರೇಖೆ ತೆಗೆದು ಎರಡು ಬೆರಳಲ್ಲಿ ಝೂಮ್ ಮಾಡ್ತಾ ಹೋದ್ರೆ 0 ಮತ್ತು 1ರ ಮಧ್ಯೆ ಹತ್ತು ಭಾಗ, 0.3 ಮತ್ತು 0.4ರ ಮಧ್ಯೆ ಮತ್ತೆ ಹತ್ತು ಭಾಗ, ಅದರೊಳಗೆ ಮತ್ತೆ ಹತ್ತು, ಹೀಗೆ ಬಿಡಿಸ್ಕೊಳ್ತಾ ಹೋಗುತ್ತೆ. ಇದನ್ನ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ನನ್ನ ಕೈಲಿ ಮಾಡೋಕೆ ಆಗಲ್ಲ. 0.35 ಎಲ್ಲಿ ಕೂರುತ್ತೆ ಅಂತ ಮೊದಲು ನೋಟ್‌ಬುಕ್ಕಲ್ಲಿ ಗುರುತು ಹಾಕಿಸಿ ಆಮೇಲೆ ಝೂಮ್ ಮಾಡಿಸಿದ್ರೆ, ತಾನು ಹಾಕಿದ ಗುರುತಿಗೂ ಅಲ್ಲಿ ಕಾಣೋದಕ್ಕೂ ಎಷ್ಟು ದೂರ ಅಂತ ಮಗುನೇ ನೋಡ್ಕೊಳ್ಳುತ್ತೆ, ನಾನು ತಪ್ಪು ಅನ್ನೋ ಅಗತ್ಯನೇ ಬರಲ್ಲ.

ವಿದ್ಯುತ್ ಮಂಡಲದ ಪಾಠ ಇನ್ನೂ ಚೆನ್ನಾಗಿ ಆಗುತ್ತೆ. ಅದಕ್ಕೆ ಫೆಟ್ ಸಿಮ್ಯುಲೇಷನ್, ಅಂದ್ರೆ ಪ್ರಯೋಗಾನ ಪರದೆ ಮೇಲೇ ಮಾಡಿ ನೋಡೋ ಸಾಧನ ಬಳಸ್ತೀನಿ, ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ, ಕೆಲವು ಕನ್ನಡದಲ್ಲೂ ಸಿಗ್ತವೆ. ಎರಡು ಬಲ್ಬನ್ನ ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದ್ರೆ ಏನಾಗುತ್ತೆ ಅಂತ ಬರೆಯೋಕೆ ಹೇಳಿದಾಗ ಕ್ಲಾಸಲ್ಲಿ ಜಾಸ್ತಿ ಜನ ಬರೆಯೋದು, ಮೊದಲನೇ ಬಲ್ಬು ಜೋರಾಗಿ ಉರಿಯುತ್ತೆ, ಎರಡನೇದು ಮಂಕಾಗಿ ಉರಿಯುತ್ತೆ, ಯಾಕಂದ್ರೆ ಮೊದಲನೇದೇ ಕರೆಂಟ್ ಖರ್ಚು ಮಾಡಿಬಿಡುತ್ತೆ ಅಂತ. ಕಾಲುವೇಲಿ ಮೇಲಿನ ಹೊಲದವರು ನೀರು ಹಾಯಿಸ್ಕೊಂಡ್ರೆ ಕೆಳಗಿನವರಿಗೆ ಕಮ್ಮಿ ಬರೋದನ್ನ ದಿನಾ ನೋಡೋ ಮಕ್ಕಳಿಗೆ ಹಾಗನ್ಸೋದು ಸಹಜಾನೇ. ಆಮೇಲೆ ಟ್ಯಾಬಲ್ಲಿ ಜೋಡಿಸ್ತಾರೆ, ಎರಡೂ ಒಂದೇ ಸಮ ಉರಿಯುತ್ತೆ, ಎರಡೂ ಮಂಕು. ತಂತಿಯೊಳಗೆ ಎಲೆಕ್ಟ್ರಾನ್‌ಗಳು ಚುಕ್ಕಿಗಳ ಹಾಗೆ ಹರಿಯೋದು ಕಾಣ್ತಿರುತ್ತೆ, ಬಲ್ಬಿಗೆ ಹೋಗೋ ಮುಂಚೆನೂ ಅದೇ ವೇಗ, ದಾಟಿದ ಮೇಲೂ ಅದೇ ವೇಗ. "ಮಿಸ್, ಕರೆಂಟ್ ಖರ್ಚೇ ಆಗ್ತಿಲ್ಲ, ಹಂಗಾರೆ ಖರ್ಚಾಗೋದೇನು" ಅಂತ ಒಬ್ಬಳು ಕೇಳಿದ್ಳು. ಆ ಪ್ರಶ್ನೆ ಇದ್ರೆ ಶಕ್ತಿ ಅನ್ನೋ ಪಾಠ ತಾನಾಗೇ ಶುರುವಾಗುತ್ತೆ. ಮೊದಲು ಬರೆಸದೇ ನೇರವಾಗಿ ಟ್ಯಾಬ್ ಕೊಟ್ಟ ಗುಂಪಲ್ಲಿ ಈ ಪ್ರಶ್ನೆ ಬರಲ್ಲ, ಎರಡು ಬಲ್ಬ್ ಉರೀತು ಅಂತ ಖುಷಿಪಟ್ಟು ಬ್ಯಾಟರಿ ಹತ್ತಿಪ್ಪತ್ತು ಜೋಡಿಸಿ ಬೆಂಕಿ ಬರೋದು ನೋಡೋಕೆ ಹೋಗ್ತಾರೆ.

ಆದ್ರೆ ಅಲ್ಲಿಗೇ ನಿಲ್ಲಿಸಬಾರದು ದಯವಿಟ್ಟು. ಟ್ಯಾಬಲ್ಲಿ ಮಾಡಿದ ಮಾರನೇ ದಿನವಾದ್ರೂ ಸೆಲ್ಲು, ಟಾರ್ಚ್ ಬಲ್ಬು, ವೈರು ಕೊಟ್ಟು ಕೈಯಲ್ಲೇ ಮಾಡಿಸಿ. ಟ್ಯಾಬಲ್ಲಿ ಸಮಾಂತರ ಜೋಡಣೇಲಿ, ಅಂದ್ರೆ ಒಂದೊಂದು ಬಲ್ಬಿಗೂ ಸೆಲ್ಲಿಂದ ಬೇರೆ ಬೇರೆ ದಾರಿ ಇರೋ ಹಾಗೆ, ಎರಡನೇ ಬಲ್ಬ್ ಸೇರಿಸಿದ್ರೂ ಮೊದಲನೇದರ ಬೆಳಕು ಒಂಚೂರೂ ಕಮ್ಮಿ ಆಗಲ್ಲ, ನಿಜವಾದ ಸೆಲ್ಲಲ್ಲಿ ಸ್ವಲ್ಪ ಕಮ್ಮಿ ಆಗುತ್ತೆ, ಅದರಲ್ಲೂ ಹಳೇ ಸೆಲ್ಲಾದ್ರೆ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಸೆಲ್ಲಿನೊಳಗೂ ರೋಧ, ಅಂದ್ರೆ ಕರೆಂಟಿಗೆ ತಡೆ ಇರುತ್ತೆ. ಸರಣೀಲಿ ಬೇರೆ ಬೇರೆ ಥರದ ಎರಡು ಬಲ್ಬ್ ಹಾಕಿದ್ರೆ ಒಂದು ಜೋರು ಒಂದು ಮಂಕು ಉರಿಯುತ್ತೆ, ಆಗ ನಿನ್ನೆ ಟ್ಯಾಬ್ ಸುಳ್ಳು ಹೇಳ್ತಾ ಅಂತ ಜಗಳಾನೇ ಆಗುತ್ತೆ ಕ್ಲಾಸಲ್ಲಿ. ಎರಡರ ಜಾಗ ಅದಲು ಬದಲು ಮಾಡಿ ನೋಡ್ರಪ್ಪ ಅಂತೀನಿ, ಜಾಗ ಬದಲಾದ್ರೂ ಜೋರಾಗಿರೋದೇ ಜೋರಾಗಿರುತ್ತೆ, ಅಂದ್ರೆ ಮೊದಲು ಸಿಕ್ಕಿದ್ದಕ್ಕೆ ಜಾಸ್ತಿ ಅನ್ನೋ ವಾದ ಅಲ್ಲಿಗೆ ಬಿದ್ದುಹೋಯ್ತು. ನನಗೆ ಇಡೀ ವರ್ಷದಲ್ಲಿ ತುಂಬಾ ಇಷ್ಟವಾಗೋ ಪೀರಿಯಡ್ ಇದು.

ಇಬ್ಬರಿಗೊಂದು ಟ್ಯಾಬ್ ಸಾಕು. ಒಬ್ಬೊಬ್ಬರಿಗೆ ಒಂದೊಂದು ಸಿಗಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ಶಿಕ್ಷಕರು ಇದಾರೆ, ನನಗೆ ಎಲ್ಲರಿಗೂ ಕೊಡೋವಷ್ಟು ಬಂದ್ರೂ ಇಬ್ಬರಿಗೊಂದೇ ಕೊಡ್ತೀನಿ. ಒಬ್ಬರ ಕೈಲಿ ಪೆನ್ನು, ಇನ್ನೊಬ್ಬರ ಬೆರಳು ಟ್ಯಾಬ್ ಮೇಲೆ, ಪೆನ್ನಿನವರು ಹೇಳಿದ್ದನ್ನ ಮಾತ್ರ ಬೆರಳಿನವರು ಮಾಡಬೇಕು, ಸ್ವಲ್ಪ ಹೊತ್ತಿಗೆ ಅದಲು ಬದಲು. ಇದರಿಂದ ಯೋಚನೆಯೆಲ್ಲ ಮಾತಾಗಿ ಹೊರಗೆ ಬರುತ್ತೆ, ಬೆಂಚುಗಳ ಮಧ್ಯೆ ಓಡಾಡ್ತಾ ಕೇಳಿಸ್ಕೊಂಡ್ರೆ ಯಾರಿಗೆ ಎಲ್ಲಿ ತೊಡಕಿದೆ ಅಂತ ಗೊತ್ತಾಗುತ್ತೆ. ನಮ್ಮ ಮಕ್ಕಳಿಗೆ ಇದು ಹೊಸದೂ ಅಲ್ಲ, ಮೂರನೇ ಕ್ಲಾಸ್ ತನಕ ನಲಿಕಲಿಯಲ್ಲಿ ತಟ್ಟೆ ಅಂತ ಕರೆಯೋ ಗುಂಪುಗಳಲ್ಲಿ ಕೂತು ಪಕ್ಕದವರ ಹತ್ರ ಕೇಳಿ ಕಲಿತು ಬಂದೋರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾದ ಪದ್ಧತಿ ಅದು, ಮೇಲಿನ ಕ್ಲಾಸಿಗೆ ಬಂದ ತಕ್ಷಣ ಸಾಲಾಗಿ ಕೂರಿಸಿ ಅದನ್ನ ಮರೆಸಿಬಿಡ್ತೀವಿ. ಸರದಿ ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಬೇಕು. ಮನೇಲಿ ಫೋನು ಅಣ್ಣನ ಕೈಲೋ ತಮ್ಮನ ಕೈಲೋ ಇರುತ್ತೆ, ಅದೇ ಅಭ್ಯಾಸದಲ್ಲಿ ಇಲ್ಲೂ ಹುಡುಗಿಯರು ಹಿಂದೆ ಸರಿದು ನೋಡ್ತಾ ಕೂರ್ತಾರೆ. ಹಾಗಾಗಿ ಮೊದಲ ಬೆರಳು ಯಾವಾಗ್ಲೂ ಹುಡುಗೀದೇ, ಇದರಲ್ಲಿ ರಾಜಿ ಮಾಡ್ಕೊಂಡಿಲ್ಲ.

ನಾಲ್ಕು, ಐದನೇ ಕ್ಲಾಸ್ ತಗೊಳ್ಳೋ ನಮ್ಮ ಇನ್ನೊಬ್ಬ ಮೇಡಂ ಹತ್ರ ಒಂದು ಒಳ್ಳೆ ಉಪಾಯ ಇದೆ, ಅದಕ್ಕೆ ಯಾವ ಆ್ಯಪೂ ಬೇಡ, ಟ್ಯಾಬಲ್ಲೇ ಇರೋ ವಾಯ್ಸ್ ರೆಕಾರ್ಡರ್ ಸಾಕು. ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್ ವೆಬ್‌ಸೈಟಿಂದ ಕನ್ನಡ ಕಥೆ ಡೌನ್‌ಲೋಡ್ ಮಾಡಿಟ್ಕೊಂಡಿದಾರೆ, ಮಗು ಒಂದು ಪುಟ ಓದಿ ರೆಕಾರ್ಡ್ ಮಾಡುತ್ತೆ, ತಾನೇ ಕೇಳುತ್ತೆ, ತಡವರಿಸಿದ ಒತ್ತಕ್ಷರ ಗುರುತು ಹಾಕ್ಕೊಂಡು ಮತ್ತೆ ಓದುತ್ತೆ. ಮನೇಲಿ ಲಂಬಾಣಿ ಮಾತಾಡೋ ಮಕ್ಕಳು ಎಲ್ಲರ ಮುಂದೆ ಓದೋಕೆ ನಾಚ್ಕೊಳ್ತಾರೆ, ಮೂಲೇಲಿ ಕೂತು ರೆಕಾರ್ಡ್ ಮಾಡೋದು ಅಂದ್ರೆ ಮುಂದೆ ಬರ್ತಾರೆ. ತಿಂಗಳ ಹಿಂದಿನ ರೆಕಾರ್ಡಿಂಗ್ ಇಟ್ಟು ಇವತ್ತಿಂದರ ಜೊತೆ ಕೇಳಿಸಿದ್ರೆ ಮಗುಗೂ ಅಪ್ಪ ಅಮ್ಮಂಗೂ ಪ್ರಗತಿ ಕಿವಿಗೇ ಕೇಳುತ್ತೆ.

ಇನ್ನು ತಾಂತ್ರಿಕ ವಿಷಯ. ಕ್ಲಾಸಲ್ಲಿ ನೆಟ್ ನಂಬ್ಕೋಬೇಡಿ. ಸರ್ಕಾರದ ದೀಕ್ಷಾ ಆ್ಯಪಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬೇಕಾದ್ದನ್ನ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಫೆಟ್ ಕೂಡ ಒಂದೊಂದು ಫೈಲಾಗಿ ಇಳಿಸ್ಕೊಂಡ್ರೆ ಬ್ರೌಸರಲ್ಲಿ ನೆಟ್ ಇಲ್ಲದೇ ತೆಗೆಯುತ್ತೆ. ಸಣ್ಣ ಕ್ಲಾಸಿನ ಗಣಿತಕ್ಕೆ ಅಕ್ಷರ ಫೌಂಡೇಶನ್ನವರ ಬಿಲ್ಡಿಂಗ್ ಬ್ಲಾಕ್ಸ್ ಕನ್ನಡದಲ್ಲಿದೆ, ಉಚಿತ, ಕಮ್ಮಿ ಬೆಲೆ ಫೋನಲ್ಲೂ ಓಡುತ್ತೆ. ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಸ್ಕ್ರೀನ್ ಪಿನ್ ಮಾಡೋ ಆಯ್ಕೆ ಇರುತ್ತೆ, ಅದು ಹಾಕಿದ್ರೆ ಮಕ್ಕಳು ಆ ಆ್ಯಪ್ ಬಿಟ್ಟು ಗೇಮಿಗೆ ಹಾರಲ್ಲ. ಚಾರ್ಜಿಂಗ್ ಜವಾಬ್ದಾರಿ ಏಳನೇ ಕ್ಲಾಸಿನ ಮಕ್ಕಳಿಗೇ ಸರದಿ ಮೇಲೆ ಕೊಡಿ, ನಮಗಿಂತ ಚೆನ್ನಾಗಿ ನೋಡ್ಕೊಳ್ತಾರೆ.

ಪೋಷಕರ ಸಭೇಲಿ ತಾಯಂದಿರು ಕೇಳೋದು ಬೇರೇನೇ, "ಮೇಡಮ್ಮೋರೆ, ಓದ್ಕೊತೀನಿ ಅಂತ ಫೋನ್ ಈಸ್ಕೊಂಡು ವಿಡಿಯೋ ನೋಡ್ತಾನೆ, ಕೊಡ್ಬೇಕಾ ಬ್ಯಾಡ್ವಾ" ಅಂತ. ಅವರ ಆತಂಕ ಸುಳ್ಳಲ್ಲ. ದೇಶದ ಹಳ್ಳಿಗಳಲ್ಲಿ ಮಾಡಿದ 2024ರ ಅಸರ್ ಸಮೀಕ್ಷೇಲಿ, ಸ್ಮಾರ್ಟ್‌ಫೋನ್ ಬಳಸೋಕೆ ಬರೋ 14ರಿಂದ 16 ವರ್ಷದ ಮಕ್ಕಳಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದೋರು ನೂರಕ್ಕೆ 57, ಸೋಷಿಯಲ್ ಮೀಡಿಯಾ ನೋಡಿದೋರು 76. ಅದಕ್ಕೇ ನಾನು ಪೋಷಕರ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಲಿಂಕ್ ಕಳಿಸೋದು ನಿಲ್ಲಿಸಿದೀನಿ. ಲಿಂಕ್ ಕಳಿಸಿದ್ರೆ ಮಗು ಫೋನ್ ಹಿಡ್ಕೊಂಡು ಒಂಟಿಯಾಗಿ ಕೂರುತ್ತೆ. ಈಗ ವಾರಕ್ಕೆ ಒಂದು ಪ್ರಶ್ನೆ ಮಾತ್ರ ಹೋಗುತ್ತೆ, ಮನೇಲಿ ಒಂದು ಲೈಟ್ ಆರಿಸಿದ್ರೆ ಬೇರೆವು ಯಾಕೆ ಆರಲ್ಲ, ಈ ಥರದ್ದು. ಮಗು ಮನೆಯವರಿಗೆ ಕಾರಣ ವಿವರಿಸಬೇಕು, ಅಪ್ಪನೋ ಅಮ್ಮನೋ ಅಜ್ಜಿನೋ ಅದನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು, ಮಗು ಮಾತಾಡಿದ್ದೂ ಇರಬೇಕು, ಮನೆಯವರು ತಿರುಗಿ ಕೇಳಿದ ಪ್ರಶ್ನೆನೂ ಇರಬೇಕು. ಸೋಮವಾರ ಅವನ್ನ ಕ್ಲಾಸಲ್ಲಿ ಹಾಕಿ ಕೇಳಿಸ್ತೀನಿ, ಅಜ್ಜಿಯರು ಕೇಳಿರೋ ಪ್ರಶ್ನೆಯಿಂದಲೇ ಎಷ್ಟೋ ಸಲ ಆ ವಾರದ ವಿಜ್ಞಾನದ ಪೀರಿಯಡ್ ಶುರು ಮಾಡ್ತೀವಿ.